ಸುಣ್ಣ ಬೆರೆಸಿದ ಬಗ್ಗಡ

ಹೊಳೆದಂಡೆಯ ಮಠದಲ್ಲಿ ದಾಸೋಹದ ಒಲೆ ದಿನೇ ದಿನೇ ಸಣ್ಣಗಾಗುತ್ತಿತ್ತು. ಯಾತ್ರಿಕರ ಪಾಯಖಾನೆಯ ಬಗ್ಗಡವನ್ನು ಗ್ಯಾಸ್ ಗುಂಡಿಗೆ ಬಿಡುತ್ತಿದ್ದರು. ಗುಂಡಿಯೇನೋ ತುಂಬುತ್ತಿತ್ತು, ಗ್ಯಾಸ್ ಮಾತ್ರ ಏಳುತ್ತಿರಲಿಲ್ಲ. ಅನ್ನ ಬೇಯದೆ ಪಂಕ್ತಿ ಹಾಗೇ ಎದ್ದುಹೋದದ್ದೂ ಉಂಟು.

ಶಿಷ್ಯ ರೇವಣಾರಾಧ್ಯ ಬುದ್ಧಿವಂತ. ಅದನ್ನು ಅಲ್ಲಗಳೆಯಬಾರದು. ಗುಂಡಿಗೆ ಬಿಡುವ ಮೊದಲು ಬಗ್ಗಡವನ್ನು ತೊಟ್ಟಿಯಲ್ಲಿ ಸುಣ್ಣದ ಜೊತೆ ನೆನೆಹಾಕಿಸಿದ. ಗಂಟೆಲ್ಲ ಕರಗಿ ತೆಳ್ಳಗಾಯಿತು. ಒಲೆ ಮತ್ತೆ ಜೋರಾಗಿ ಉರಿಯಿತು. ಜನ ಹೊಗಳಿದ್ದೇ ಹೊಗಳಿದ್ದು.

“ಹೇಗೆ ಮಾಡಿದೆ ಮರಿ?” ಗುರುಗಳು ಕೇಳಿದರು.

“ಯಂತ್ರ ತರೋದಾದರೆ ಮಠ ಮಾರಬೇಕಿತ್ತು ಬುದ್ಧಿ. ಇದಕ್ಕೆ ಖರ್ಚೇ ಇಲ್ಲ. ಗೋಡೆಗೆ ಬಳಿದು ಉಳಿದ ಸುಣ್ಣ, ಅಷ್ಟೇ.”

“ಕಲಸೋರು ಯಾರು?”

“ಚೌಡ ಇದ್ದಾನಲ್ಲ, ಪಾಯಖಾನೆ ತೊಳೆಯೋನು. ಗಂಟು ಒಡೆಯೋಕೆ ಕೈಯೇ ಆಗಬೇಕು. ನಾನು ಬೇವಿನ ಮರದ ಹತ್ತಿರ ನಿಂತು ಹೇಳಿಕೊಡ್ತೀನಿ.”

ಬೇವಿನ ಮರ ಗಾಳಿ ಬರುವ ಕಡೆಗಿತ್ತು. ಅಲ್ಲಿಗೆ ನಾತ ಮುಟ್ಟದು. ಮಡಿಯೂ ಉಳಿಯಿತು, ಹೆಸರೂ ಬಂತು.

ಅಂದು ಪಂಕ್ತಿಯಲ್ಲಿ ಚೌಡಯ್ಯ ಕಾಣಲಿಲ್ಲ. ಗುರುಗಳು ಹುಡುಕಿಕೊಂಡು ಹೋದರು. ಅವನು ತೊಟ್ಟಿಯ ಹಿಂದೆ ಎಲೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. ಸುಣ್ಣ ಸುಟ್ಟು ಅಂಗೈಯ ಚರ್ಮ ಸುಲಿದು ಹಸಿ ಗಾಯವಾಗಿತ್ತು. ಸಾರು ತಾಗಿದರೆ ಉರಿ, ಅನ್ನ ಕಲಸುವಂತಿರಲಿಲ್ಲ.

“ಯಾಕೆ ಹೇಳಲಿಲ್ಲಯ್ಯ?”

“ಹೇಳಿದ್ನಲ್ಲ ಬುದ್ಧಿ. ಮರಿದೇವ್ರು ಎಣ್ಣೆ ಹಚ್ಕೊ ಅಂದ್ರು.”

ಗುರುಗಳು ಅಲ್ಲೇ ಕೂತು ಅನ್ನ ಕಲಸಿ, ತುತ್ತು ಮಾಡಿ ತಿನ್ನಿಸಿದರು. ಅವರಿಗೆ ತಮ್ಮ ಮೇಲೇ ಹೇಸಿಗೆಯಾಗಿತ್ತು. ಆ ಒಲೆಯ ಅನ್ನವನ್ನು ಇಷ್ಟು ದಿನ ಅವರೂ ಹೊಟ್ಟೆತುಂಬ ಉಂಡಿದ್ದರು.

ಮರುದಿನ ರೇವಣಾರಾಧ್ಯನನ್ನು ತೊಟ್ಟಿಯ ಬಳಿಗೆ ಕರೆದೊಯ್ದರು.

“ಇವತ್ತು ನೀನು ಕಲಸು.”

ಶಿಷ್ಯ ಮೂಗು ಮುಚ್ಚಿಕೊಂಡ. ತೊಟ್ಟಿ ನೋಡಿದ, ತನ್ನ ಕೈ ನೋಡಿಕೊಂಡ. ಬಹಳ ಹೊತ್ತು ಯೋಚಿಸಿದ. ಯೋಚಿಸುವುದರಲ್ಲಿ ಅವನೇನು ಕಮ್ಮಿ ಇರಲಿಲ್ಲ.

“ಬುದ್ಧಿ, ಇದಕ್ಕೆ ಕಲಕೋ ಯಂತ್ರ ಬೇಕು. ಮೊಣಕೈ ಮುಚ್ಚೋವಂಥ ರಬ್ಬರ್ ಕೈಗವಸು, ಬೂಟು, ಎಲ್ಲ ಬೇಕು. ಖರ್ಚಾಗುತ್ತೆ, ಆದರೆ ಬೇರೆ ದಾರಿಯಿಲ್ಲ.”

“ತರಿಸೋಣ,” ಎಂದರು ಗುರುಗಳು. “ಇಷ್ಟು ಹೊಳೆಯೋಕೆ ಇನ್ನೊಬ್ಬನ ಕೈ ಸುಟ್ಟಿದ್ದು ಸಾಲದೆ ಹೋಯಿತಲ್ಲ ಮರಿ.”