ಕಾಟವ್ವನ ಸಾರಾಯಿ ಮತ್ತು ಉಗುಳುಗಲ್ಲು

ಕರಡಿಗುಡ್ಡದ ಕೋಟೆಬಾಗಿಲು ದಾಟಿ ಎಡಕ್ಕೆ ಹೊರಳಿದರೆ ಆಳೆತ್ತರದ ಕಲ್ಲೊಂದು ನಿಂತಿದೆ. ಮೈತುಂಬ ಎಲೆಯಡಿಕೆಯ ಕೆಂಪು, ಒಣಗಿದ ಕಫ, ಮುತ್ತಿದ ನೊಣ. ನೋಡಿದರೆ ಉಂಡದ್ದು ಹೊರಗೆ ಬರಬೇಕು. ಇದಕ್ಕೆ ಉಗುಳದೆ ಯಾರೂ ಮುಂದೆ ಹೋಗುವುದಿಲ್ಲ. ಹೊಲಸು ಪದ್ಧತಿ ನಿಜ, ಆದರೆ ಅದು ಹುಟ್ಟಿದ ಬಗೆ ಇನ್ನೂ ಹೊಲಸು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕೋಟೆಯ ಕೆಳಗೆ ಕಾಟವ್ವನೆಂಬ ವಿಧವೆ ಸಾರಾಯಿ ಕಾಸುತ್ತಿದ್ದಳಂತೆ. ಜಾಲಿಚಕ್ಕೆ, ಸೊಗದೆ ಬೇರು, ಒಣಶುಂಠಿ, ಇನ್ನೂ ಅವಳೊಬ್ಬಳಿಗೇ ಗೊತ್ತಿದ್ದ ಬೇರುಗಳನ್ನು ಹಾಕಿ ಇಳಿಸಿದ ಆ ಸಾರಾಯಿ ಬಾಣಂತಿಯರ ಮದ್ದೆಂದು ಸುತ್ತಲ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಕುಡುಕರು ಕಾಲಿಗೆ ಬಿದ್ದರೂ ಅವಳು ಒಂದು ತೊಟ್ಟು ಕೊಡುತ್ತಿರಲಿಲ್ಲ. ಹೊಸ ಮಡಕೆಯ ಬಾಯಿ ಬಿಚ್ಚುವಾಗ ಕಾಸಿದವರೇ ಮೊದಲ ಬಟ್ಟಲನ್ನು ಎಲ್ಲರೆದುರು ನುಂಗಿ ತೋರಿಸಬೇಕೆಂಬುದು ಅವರ ಕುಲದ ಕಟ್ಟಳೆ. ಒಂದು ವರ್ಷ ಅರಮನೆಯ ಬಾಣಂತಿಗೆಂದು ಪಾಳೆಯಗಾರ ದೊಡ್ಡ ಮಡಕೆ ಸಾರಾಯಿಗೆ ಹೇಳಿಕಳಿಸಿದ. ಕಾಟವ್ವ ಕಾಸಿಟ್ಟು, ಮತ್ತಷ್ಟು ಬೇರು ತರಲು ಗುಡ್ಡ ಹತ್ತಿದಳು. ಅವಳ ಒಬ್ಬನೇ ಮಗ ಬೊಮ್ಮಲಿಂಗ, ಉಂಡಾಡಿ, ಅಷ್ಟನ್ನೂ ಕುಡುಕರಿಗೆ ಮಾರಿಕೊಂಡ. ಬರಿದಾದ ಮಡಕೆಗೆ ಕೊಳೆತ ಗಸಿ, ನವಸಾಗರದ ಉಪ್ಪು, ನೆನೆಸಿದ ಹಳೇ ಚರ್ಮ ಸುರಿದು ಬಾಯಿ ಕಟ್ಟಿದ.

ಮಡಕೆ ಕೋಟೆಗೆ ಬಂದ ದಿನ ಅವನು ತಾಯಿಯ ಕಿವಿಯಲ್ಲಿ, "ಅವ್ವಾ, ಹೆಂಗಾರ ಮಾಡಿ ನುಂಗಿಬಿಡು. ಇಲ್ಲಾಂದ್ರೆ ನನ್ ತಲೆ ಹೋಗ್ತೈತೆ," ಎಂದು ಎಲ್ಲ ಒಪ್ಪಿಕೊಂಡ. ಹೋಗಿ ಬಾಗಿಲ ಎಡದ ಆ ಕಲ್ಲಿಗೆ ಒರಗಿ ನಿಂತ. ಕಾಟವ್ವ ಬಟ್ಟಲು ಎತ್ತಿದಳು. ಸತ್ತ ಇಲಿಯ ನಾತ. ಮೇಲೆ ಹುಳ ತೇಲುತ್ತಿತ್ತು. ಮಗನಿಗಾಗಿ ಬಾಯಿಗೆ ಹಾಕಿಕೊಂಡಳು. ಒಳಗೆ ಮಲಗಿದ್ದ ಹಸಿಬಾಣಂತಿಯ ನೆನಪಾಯಿತು, ಗಂಟಲು ಒಪ್ಪಲಿಲ್ಲ. ನೆಲಕ್ಕೆ ಉಗಿದಳು.

"ಥೂ! ಇದು ಬಾಣಂತಿ ಹೊಟ್ಟೆಗೆ ಹೋಗಬಾರ್ದು, ಬುದ್ಧಿ!"

"ಕಾಸಿದ್ದು ಯಾರು?" ಎಂದ ಪಾಳೆಯಗಾರ.

ಕಾಟವ್ವ ಮಗನ ಕಡೆ ನೋಡಿದಳು. ಅವನು ತನ್ನ ಕಾಲ ಹೆಬ್ಬೆರಳು ನೋಡುತ್ತಿದ್ದ.

"ನಾನೇ," ಎಂದಳು.

ಹಾಗಾದರೆ ಕಾಸಿದವಳೇ ಕುಡಿದು ಮುಗಿಸಲಿ ಎಂದು ಅಪ್ಪಣೆಯಾಯಿತು. ಮುದುಕಿ ಕೂತು ಕುಡಿದಳು. ಕಕ್ಕಿದಳು, ಮತ್ತೆ ಕುಡಿಸಿದರು. ಕಣ್ಣು ಮಂಜಾಗುವವರೆಗೂ ಮಗನನ್ನೇ ನೋಡಿದಳು ಎನ್ನುತ್ತಾರೆ. ಆ ದರಿದ್ರದವನು ಬಾಯಿ ಬಿಡಲಿಲ್ಲ. ಅವಳ ಉಸಿರು ನಿಂತ ಮೇಲೆ ಬಿಟ್ಟ: "ವಯಸ್ಸಾಗಿತ್ತು ಬುದ್ಧಿ, ಅವ್ವಂಗೆ ಕೈ ತಪ್ಪೈತೆ. ಇನ್ಮೇಲೆ ನಾನೇ ಕಾಸಿಕೊಡ್ತೀನಿ."

ಇದನ್ನು ಕೇಳಿ ಅವನಿಂದ ಸಾರಾಯಿ ಕೊಂಡಿದ್ದ ಕುಡುಕರಿಗೇ ಹೇಸಿಗೆಯಾಯಿತಂತೆ. ಒಬ್ಬ ಮುಂದೆ ಬಂದು ನಿಜ ಹೇಳಿ ಅವನ ಮುಖಕ್ಕೆ ಉಗಿದ. ನೆರೆದವರೆಲ್ಲ ಉಗಿದರು. ಬೊಮ್ಮಲಿಂಗ ಹೇಳಹೆಸರಿಲ್ಲದಂತೆ ಓಡಿಹೋದ, ಅವನು ಒರಗಿದ್ದ ಕಲ್ಲು ಉಳಿಯಿತು. ಕಾಟವ್ವನ ಬೇರುಗಳು ಯಾವುವೆಂದು ಮತ್ತೆ ಯಾರಿಗೂ ತಿಳಿಯಲಿಲ್ಲ.

ಇಂದಿಗೂ ಕೋಟೆ ನೋಡಲು ಬಂದವರಿಗೆ ಅಲ್ಲೊಂದು ನೋಟ ಕಾಣುತ್ತದೆ. ಊರಿನ ತಾಯಂದಿರು, ಗಂಡುಮಗುವಿಗೆ ಮಾತು ಬಂದ ವರ್ಷ, ಅದನ್ನು ಸೊಂಟದ ಮೇಲೆ ಹೊತ್ತು ತರುತ್ತಾರೆ. ಕಲ್ಲಿನ ಮುಂದೆ ಇಳಿಸಿ, ಕತ್ತು ಹಿಡಿದು ಬಗ್ಗಿಸಿ, "ಉಗಿ ಮಗಾ," ಎನ್ನುತ್ತಾರೆ.