ಲೀನಮ್ಮನ ಬಟ್ಟಲು

ಒಂದಾನೊಂದು ಕಾಲದಲ್ಲಿ, ಕಾಲ ಅಂದ್ರೆ ರಾಜರ ಕಾಲ ಏನಲ್ಲ ಕೂಸೇ, ವಿಮಾನ ಹಾರೋ ಕಾಲವೇ, ಒಂದೂರಲ್ಲಿ ಮರಿಗೌಡ ಅಂತ ಒಬ್ಬ ಯಜಮಾನ ಇದ್ನಂತೆ. ಮೊದಲು ಕಾಲು ಒಳಗೆ ಎಳ್ಕೋ, ಕಂಬಳಿ ಹೊದ್ಕೋ, ಆಮೇಲೆ ಹೇಳ್ತೀನಿ. ಹಾಂ. ಅವನಿಗೆ ಮೂರು ಜನ ಹೆಣ್ಣುಮಕ್ಕಳು, ದೊಡ್ಡತಾಯಿ, ನಡುತಾಯಿ, ಸಣ್ಣತಾಯಿ ಅಂತ. ಮರಿಗೌಡ ಕೆಟ್ಟವನಲ್ಲ, ಆದ್ರೆ ಹೆಣ್ಣುಮಕ್ಕಳು ಊರ ಗಡಿ ದಾಟ್ತೀವಿ ಅಂದ್ರೆ ಸಾಕು, ಮುಖ ಗಂಟು ಹಾಕ್ಕೊಂಡು ಕೂತುಬಿಡ್ತಿದ್ನಂತೆ. ದೊಡ್ಡತಾಯಿ ಸಮುದ್ರ ನೋಡ್ಬೇಕು ಅಂದ್ಲಂತೆ, ಮದುವೆ ಆಗಲಿ, ಗಂಡನ ಜೊತೆ ನೋಡು ಅಂದ್ನಂತೆ. ನಡುತಾಯಿ ಹಿಮದ ಬೆಟ್ಟ ನೋಡ್ಬೇಕು ಅಂದ್ಲಂತೆ, ಅವಳಿಗೂ ಅದೇ ಮಾತು. ಇಬ್ಬರಿಗೂ ಮದುವೆ ಆಯ್ತು, ಅವರ ಗಂಡಂದಿರಿಗೆ ಸಮುದ್ರವೂ ಬೇಕಿಲ್ಲ, ಬೆಟ್ಟವೂ ಬೇಕಿಲ್ಲ, ಅಲ್ಲಿಗೆ ಅವರ ಆಸೆ ಅಲ್ಲೇ ಉಳೀತಂತೆ.

ಸಣ್ಣತಾಯಿ ಇದನ್ನೆಲ್ಲ ನೋಡ್ಕೊಂಡೇ ಬೆಳೆದವಳು. ಊರೋರ ರವಿಕೆ ಹೊಲಿದು ಹೊಲಿದು ತನ್ನ ಖರ್ಚಿಗೆ ತಾನೇ ಜೋಡಿಸ್ಕೊಂಡು, ಒಂದಿನ ಅಪ್ಪನ ಮುಂದೆ ನಿಂತು, ಅಪ್ಪಾ, ಕಡಲಾಚೆ ಒಂದು ಭಾರೀ ಪಟ್ಟಣ ಇದೆಯಂತೆ, ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ ಅಂದ್ಲಂತೆ. ಮರಿಗೌಡ ಆಗಲ್ಲ ಅಂದ. ಇವಳು ಊಟ ಬಿಟ್ಲು. ಅವನು ಗದರಿದ, ಇವಳು ಮಾತೂ ಬಿಟ್ಲು. ಮೂರನೇ ದಿನಕ್ಕೆ ಮರಿಗೌಡನೇ ಸೋತು, ಆಯ್ತು ಹೋಗವ್ವ, ಆದ್ರೆ ಇದೊಂದೇ ಸಲ, ಬಂದ ಮೇಲೆ ನಿನ್ನ ಚೀಲ ಅಟ್ಟಕ್ಕೆ ಹಾಕ್ತೀನಿ, ಸಾಯೋತನಕ ಮತ್ತೆ ಆ ಮಾತು ಎತ್ತಬಾರದು ಅಂದ್ನಂತೆ. ಸಣ್ಣತಾಯಿ ಹೂಂ ಅಂದ್ಲಂತೆ. ನಿನ್ನ ಹಾಗೆ ಹೂಂ ಅಂದು ಮರೆಯೋಳಲ್ಲ ಅವಳು, ಒಂದ್ಸಲ ಮಾತು ಕೊಟ್ರೆ ಮುಗೀತು.

ಆಮೇಲೆ ಬೆನ್ನಿಗೊಂದು ಚೀಲ ಏರಿಸ್ಕೊಂಡು, ಅವ್ವ ಕಟ್ಟಿಕೊಟ್ಟ ಅವಲಕ್ಕಿ ಕೋಡುಬಳೆ ಇಟ್ಕೊಂಡು, ವಿಮಾನ ಹತ್ತಿ ಹೋದ್ಲಂತೆ. ಆ ಪಟ್ಟಣದ ಹೆಸರು ನನ್ನ ನಾಲಿಗೆಗೆ ಹೊರಳಲ್ಲ, ದೊಡ್ಡೂರು ಅಂದ್ಕೊಳ್ಳೋಣ. ಅಲ್ಲಿ ಮನೆ ಮೇಲೆ ಮನೆ, ಅದರ ಮೇಲೆ ಇನ್ನೊಂದು ಮನೆ, ತುದಿ ನೋಡೋಕೆ ಹೋದ್ರೆ ಕತ್ತು ಉಳುಕಬೇಕು. ರಸ್ತೆ ಮೇಲೆ ಬಸ್ಸು, ಸೇತುವೆ ಮೇಲೂ ಬಸ್ಸು, ನೆಲದೊಳಗೆ ರೈಲು. ಜನವೋ ಜನ. ಆದ್ರೆ ಒಬ್ಬರು ಇನ್ನೊಬ್ಬರ ಮುಖ ನೋಡಲ್ಲ, ಯಾವೂರವ್ವ ಅನ್ನೋರಿಲ್ಲ, ಊಟ ಆಯ್ತಾ ಅನ್ನೋರಿಲ್ಲ. ಸಣ್ಣತಾಯಿಗೆ ಜೀವ ಝಲ್ ಅಂತಂತೆ. ಒಂದು ಹಳೇ ಕಟ್ಟಡದ ಮೂರನೇ ಮಹಡಿಲಿ ಬಾಡಿಗೆ ಕೋಣೆ ಹಿಡಿದವಳು, ಬಾಗಿಲು ಹಾಕ್ಕೊಂಡು, ಕಿಟಕಿಯಿಂದ ಕೆಳಗೆ ನೋಡ್ತಾ, ಕೋಡುಬಳೆ ಕಡೀತಾ ಕೂತುಬಿಟ್ಲಂತೆ. ಮಾರನೇ ದಿನವೂ ಹಾಗೇ. ಇರೋದೊಂದೇ ಸಲ, ಅದನ್ನೂ ಹೀಗೆ ಕಿಟಕೀಲಿ ಕಳೀತಿದ್ದೀನಲ್ಲ ಅಂತ ಅವಳಿಗೆ ಅಳುವೇ ಬಂತಂತೆ, ಆದ್ರೂ ಕಾಲು ಹೊರಗೆ ಏಳಲಿಲ್ಲವಂತೆ.

ಪಕ್ಕದ ಕೋಣೇಲಿ ಒಬ್ಬ ಹೆಂಗಸು ಇದ್ಲಂತೆ, ಯಾವುದೋ ಅಂಗಡೀಲಿ ಬಟ್ಟೆ ಇಸ್ತ್ರಿ ಮಾಡೋಳು. ಹೆಸರು ಲೀನೋ ಲಿನೋ, ನಾನು ಲೀನಮ್ಮ ಅಂತೀನಿ. ಈ ಹುಡುಗಿ ಹೊರಗೇ ಬರಲಿಲ್ಲವಲ್ಲ ಅಂತ ಅವಳೇ ಬಾಗಿಲು ತಟ್ಟಿ, ನೀಲಿ ಹೂವಿನ ಪಿಂಗಾಣಿ ಬಟ್ಟಲಲ್ಲಿ ಬಿಸಿ ಗಂಜಿ ಹಾಕಿ ಕೊಟ್ಟು ಹೋದ್ಲಂತೆ. ಇವಳ ಮಾತು ಅವಳಿಗೆ ಬರಲ್ಲ, ಅವಳ ಮಾತು ಇವಳಿಗೆ ಬರಲ್ಲ, ಬರೀ ಕೈಸನ್ನೆ. ಸಣ್ಣತಾಯಿ ಗಂಜಿ ಕುಡಿದು, ಬಟ್ಟಲು ಬೆಳಗಿ, ವಾಪಸ್ ಕೊಡೋಣ ಅಂತ ಎದ್ದವಳು ಬಾಗಿಲಲ್ಲೇ ನಿಂತ್ಲಂತೆ. ಬರೀ ಬಟ್ಟಲು ಹೇಗೆ ಕೊಡೋದು ಹೇಳು. ನಮ್ಮಲ್ಲಿ ಯಾರ ಮನೆಯಿಂದಾದ್ರೂ ಪಾತ್ರೆ ತುಂಬಿ ಬಂದ್ರೆ ಬರಿದು ಮಾಡಿ ಕಳಿಸ್ತೀವಾ, ಏನಿಲ್ಲ ಅಂದ್ರೂ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಲ್ವಾ. ಚೀಲ ತಡಕಿದ್ರೆ ಅವಲಕ್ಕಿ ಕೋಡುಬಳೆ ಎಲ್ಲ ಖಾಲಿ. ಇನ್ನೇನು ಮಾಡ್ತಾಳೆ, ಸೆರಗು ಬಿಗಿದು ಸಕ್ಕರೆ ತರೋಕೆ ಬೀದಿಗೆ ಇಳಿದ್ಲಂತೆ. ಸೆರಗು ಎಲ್ಲಿಂದ ಬಂತು ಅಂತೀಯಾ, ಪ್ಯಾಂಟು ಹಾಕಿದ್ಲೇನೋ, ನಂಗೇನು ಗೊತ್ತು, ಸುಮ್ನೆ ಕೇಳು.

ರಸ್ತೆ ದಾಟೋಕೇ ಅರ್ಧ ದಿನ ಹೋಯ್ತಂತೆ. ಕೊನೆಗೆ ತರಕಾರಿ ಹೊತ್ತು ಹೋಗ್ತಿದ್ದ ಒಬ್ಬ ಮುದುಕಿಯ ಹಿಂದೆ ಹಿಂದೆಯೇ ದಾಟಿ, ಅಂಗಡಿ ಹೊಕ್ಕು, ಬೆಳ್ಳಗೆ ಕಂಡ ಪೊಟ್ಟಣ ಎತ್ಕೊಂಡು ಬಂದ್ಲಂತೆ. ಬಟ್ಟಲಿಗೆ ಸುರಿದು, ಯಾಕೋ ಅನುಮಾನ ಬಂದು ನಾಲಿಗೆಗೆ ಇಟ್ಟು ನೋಡಿದ್ರೆ, ಅಯ್ಯೋ ಶಿವನೇ, ಉಪ್ಪು. ಕೈಯಿಂದ ಕೈಗೆ ಉಪ್ಪು ಕೊಟ್ರೆ ಜಗಳ ಆಗುತ್ತೆ ಅಂತ ನಮ್ಮಲ್ಲಿ ಪಕ್ಕದ ಮನೆಗೂ ಕೊಡಲ್ಲ, ಇನ್ನು ಪರದೇಶದಲ್ಲಿ ಗಂಜಿ ಕೊಟ್ಟವಳಿಗೆ ಕೊಡೋದುಂಟಾ. ಮತ್ತೆ ಇಳಿದ್ಲು, ಮತ್ತೆ ರಸ್ತೆ ದಾಟಿದ್ಲು, ಈ ಸಲ ಯಾರ ಹಿಂದೆಯೂ ಹೋಗಲಿಲ್ಲವಂತೆ. ಸಕ್ಕರೆ ತಂದು ಬಟ್ಟಲು ತುಂಬಿ ಕೊಟ್ಟು, ಅಬ್ಬಾ, ಮುಗೀತು ಅಂದ್ಕೊಂಡ್ಲಂತೆ.

ಮುಗೀಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಅದೇ ಬಟ್ಟಲು, ಬಿಸಿಬಿಸಿ ಕಡುಬು ತುಂಬಿ, ಇವಳ ಬಾಗಿಲಿಗೇ ಬಂತಂತೆ. ಲೀನಮ್ಮನೂ ಇವಳ ಥರದೋಳೇ, ಇಸ್ಕೊಂಡು ಸುಮ್ಮನಿರೋ ಪೈಕಿ ಅಲ್ಲ. ಈಗ ಮತ್ತೆ ಸಕ್ಕರೆ ಕೊಟ್ರೆ ಚೆನ್ನಾಗಿರುತ್ತಾ. ಹಣ್ಣು ಕೊಡೋಣ ಅಂತ ಸಣ್ಣತಾಯಿ ನೆಲದೊಳಗಿನ ರೈಲಿಗೆ ಹೋದ್ಲಂತೆ. ಅಲ್ಲಿ ಮೆಟ್ಟಿಲು ತಾನೇ ನಡೀತಿತ್ತಂತೆ. ಇವಳು ಗುಡಿ ಮೆಟ್ಟಿಲು ಮುಟ್ಟೋ ರೂಢಿಯಿಂದ ಬಗ್ಗಿ, ಮೊದಲನೇ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋಕೆ ಹೋದ್ರೆ, ಅದು ನಿಲ್ಲಬೇಕಲ್ಲ, ಕೈಗೆ ಸಿಗದೆ ಮುಂದಕ್ಕೆ ಹೋಗೇಹೋಯ್ತು. ಹಿಂದೆ ಸಾಲುಗಟ್ಟಿದ್ದ ಜನ ಪಾಪ ಇವಳದೇನೋ ಬಿದ್ದುಹೋಯ್ತು ಅಂತ ಎಲ್ಲರೂ ಬಗ್ಗಿ ಹುಡುಕೋಕೆ ಶುರು ಮಾಡಿದ್ರಂತೆ, ಕೋಟು ಹಾಕಿದ ದೊಡ್ಡ ಮನುಷ್ಯರೂ ಸೇರಿ. ಮುಖವೇ ನೋಡದ ಜನ ಅಂದ್ಕೊಂಡಿದ್ಲಲ್ಲ, ಅವತ್ತು ಅವರ ಮುಖವೆಲ್ಲ ಹತ್ತಿರದಿಂದ ಕಂಡಳಂತೆ. ಅವಳಿಗೆ ನಾಚಿಕೆಯೂ ಆಯ್ತು, ನಗುವೂ ಬಂತು, ಅವರೂ ನಕ್ಕರಂತೆ.

ಆಮೇಲೆ ಏನು ಕೇಳ್ತೀಯ, ಬಟ್ಟಲು ಅತ್ತಿಂದಿತ್ತ ಓಡಾಡಿದ್ದೇ ಓಡಾಡಿದ್ದು. ಹಣ್ಣಿಗೆ ಅಂತ ದೊಡ್ಡ ಸಂತೆ ನೋಡಿದ್ಲು. ಹುರಿದ ಬೀಜಕ್ಕೆ ಅಂತ ದೋಣಿ ಹತ್ತಿ ಹೊಳೆ ದಾಟಿದ್ಲು, ದೋಣಿಯೋನ ಹೆಂಡತಿ ಇವಳ ಬಳೆ ಮುಟ್ಟಿ ಮುಟ್ಟಿ ನೋಡಿದ್ಲಂತೆ. ನಾಲ್ಕನೇ ಸಲಕ್ಕೆ, ಕೊಂಡಿದ್ದು ಸಾಕು, ಕೈಯಾರೆ ಮಾಡಿ ಕೊಡ್ತೀನಿ ಅಂತ, ಊರೆಲ್ಲ ಸುತ್ತಿ ಎಲ್ಲೋ ಒಂದು ಕಡೆ ರವೆ ಸಿಕ್ಕಿ, ಮಹಡಿಯೋರೆಲ್ಲ ಅಡುಗೆ ಮಾಡೋ ಒಲೆ ಮೇಲೆ ಸಜ್ಜಿಗೆ ಕೆದಕಿದ್ಲಂತೆ. ಆ ಘಮಕ್ಕೆ ಬಾಗಿಲೆಲ್ಲ ತೆರೆದುಕೊಂಡು, ಒಬ್ಬೊಬ್ಬರೂ ಬಂದು ಒಂದೊಂದು ಚಮಚ ತಿಂದು, ತಲೆ ಆಡಿಸಿ ಹೋದ್ರಂತೆ.

ಹೀಗೇ ಹುಣ್ಣಿಮೆಗೆ ಬಂದವಳಿಗೆ ಅಮಾವಾಸ್ಯೆ ಹತ್ತಿರ ಬಂತಂತೆ. ಹೊರಡೋ ಹಿಂದಿನ ಸಂಜೆ ಕಿಟಕೀಲಿ ನಿಂತ್ರೆ, ಹೊಳೆ ಆಚೆಯ ಗುಡ್ಡ ನೋಡಿಲ್ಲ, ಹೂವಿನ ಪೇಟೆ ನೋಡಿಲ್ಲ, ರೈಲು ಕೊನೆಗೆ ಎಲ್ಲಿಗೆ ಹೋಗುತ್ತೋ ಅದೂ ನೋಡಿಲ್ಲ. ಇನ್ನು ಯಾವತ್ತೂ ನೋಡೋ ಹಾಗಿಲ್ಲ. ಬಂದ ಹೊಸದ್ರಲ್ಲಿ ಕಾಲು ಹೊರಗೆ ಏಳದೆ ಅತ್ತವಳು ಈಗ ಬಿಟ್ಟು ಹೋಗೋ ಸಂಕಟಕ್ಕೆ ಅತ್ಲಂತೆ.

ಬೆಳಿಗ್ಗೆ ಚೀಲ ಬೆನ್ನಿಗೇರಿಸಿ ಬಾಗಿಲು ತೆಗೆದ್ರೆ, ಹೊಸ್ತಿಲಲ್ಲಿ ಬಟ್ಟಲು. ದಾರಿಗೆ ಆಗಲಿ ಅಂತ ಲೀನಮ್ಮ ಎಳ್ಳುಂಡೆ ತುಂಬಿ, ಬಟ್ಟೆ ಮುಚ್ಚಿ ಇಟ್ಟು ಕೆಲಸಕ್ಕೆ ಹೋಗಿದ್ಲಂತೆ. ಅವಳ ಬಾಗಿಲಿಗೆ ಬೀಗ. ಉಂಡೆ ಚೀಲಕ್ಕೆ ಸುರ್ಕೊಂಡು ಬಟ್ಟಲು ಅಲ್ಲೇ ಇಟ್ಟು ಹೋಗಬಹುದಿತ್ತು, ನಾನೂ ನೀನೂ ಇದ್ದಿದ್ರೂ ಇಡ್ತಿರ್ಲಿಲ್ಲ ಬಿಡು. ಹಾಕೋಕೆ ಏನಾದ್ರೂ ಇದೆಯಾ ಅಂತ ಚೀಲ ಕೊಡವಿ ನೋಡಿದ್ಲು, ಒಂದು ಕಾಳು ಸಕ್ಕರೆಯೂ ಇಲ್ಲ. ಕೆಳಗೆ ವಿಮಾನದ ಹತ್ರ ಕರ್ಕೊಂಡು ಹೋಗೋ ಬಸ್ಸಿನೋನು ಒಂದೇ ಸಮ ಹಾರ್ನ್ ಹೊಡೀತಿದ್ದಾನೆ. ಬರಿದು ಬಟ್ಟಲು ಇಟ್ಟು ಹೋಗೋಕೆ ಅವಳ ಕೈಯೇ ಬರಲಿಲ್ಲವಂತೆ. ತುಂಬಿದ ಬಟ್ಟಲನ್ನ ಹಾಗೇ ಎದೆಗೆ ಅವುಚ್ಕೊಂಡು ಬಸ್ಸು ಹತ್ತಿಬಿಟ್ಲಂತೆ, ದಾರಿಯುದ್ದಕ್ಕೂ ಕಳ್ಳತನ ಮಾಡಿದೋಳ ಹಾಗೆ ಮುದುರಿ ಕೂತಿದ್ಲಂತೆ.

ಊರಿಗೆ ಬಂದ್ಲು. ಮರಿಗೌಡ ಹೇಳಿದ ಹಾಗೇ ಚೀಲವನ್ನ ಅಟ್ಟಕ್ಕೆ ಎಸೆದ. ಸಣ್ಣತಾಯಿ ಕೊಟ್ಟ ಮಾತಿನಂತೆ ಹೊಲಿಗೆ ಮಿಷಿನ್ನಿಗೆ ಹೋಗಿ ಕೂತ್ಲಂತೆ. ಆದ್ರೆ ಬಟ್ಟಲು ಅಡುಗೆಮನೆ ಗೂಡಿನಲ್ಲಿ ಕೂತಿತ್ತಲ್ಲ. ಅವ್ವ ನೋಡಿ, ಇದು ಯಾರ ಮನೇದೇ ಅಂದ್ಲಂತೆ. ಇವಳು ಎಲ್ಲ ಹೇಳಿದ್ಲು. ಅಯ್ಯೋ, ತುಂಬಿ ಬಂದ ಬಟ್ಟಲನ್ನ ಹಂಗೇ ಇಟ್ಕೊಂಡಿದ್ದೀವಲ್ಲ, ಆಯಮ್ಮ ಏನಂದ್ಕೊಂಡಾಳು, ಈ ಮನೇಲಿ ಹಿರಿಯರಿಲ್ವಾ ಅನ್ನಲ್ವಾ ಅಂತ ಅವ್ವ ತಲೆ ಮೇಲೆ ಕೈ ಹೊತ್ತು ಕೂತ್ಲಂತೆ. ಮರಿಗೌಡ, ಅಂಚೇಲಿ ಕಳಿಸಿದ್ರಾಯ್ತು ಅಂದ. ಸಣ್ಣತಾಯಿ, ವಿಳಾಸ ಬರೆಯೋಕೆ ನಂಗೆ ಆ ಅಕ್ಷರ ಎಲ್ಲಿ ಬರುತ್ತಪ್ಪ, ಕಾಲಿಗೆ ದಾರಿ ಗೊತ್ತು ಅಷ್ಟೇ ಅಂದ್ಲಂತೆ.

ಅವತ್ತಿಂದ ಮರಿಗೌಡನಿಗೆ ಆ ಬಟ್ಟಲಿನದೇ ಚಿಂತೆ. ಉಣ್ಣೋಕೆ ಕೂತ್ರೆ ಕಣ್ಣು ಗೂಡಿಗೆ, ನೀರು ಕುಡಿದ್ರೆ ಕಣ್ಣು ಗೂಡಿಗೆ. ಪಕ್ಕದ ಮನೆ ಚೊಂಬು ಬಂದ್ರೆ ಹೊತ್ತು ಮುಳುಗೋದ್ರೊಳಗೆ ಏನಾದ್ರೂ ಹಾಕಿ ಕಳಿಸೋ ಮನುಷ್ಯ ಅವನು. ಬಂದ ನೆಂಟರೆಲ್ಲ, ಚೆಂದದ ಬಟ್ಟಲು, ಯಾರದು ಗೌಡ್ರೇ ಅಂತ ಕೇಳೋರು, ಅವನಿಗೆ ಮೈಯೆಲ್ಲ ಹಿಡಿಯಾಗೋದು. ಒಂದಿನ ಅರ್ಧ ಊಟಕ್ಕೇ ಕೈ ತೊಳೆದು ಎದ್ದವನೇ, ಅಟ್ಟ ಹತ್ತಿ, ಚೀಲ ಇಳಿಸಿ, ಪಡಸಾಲೇಲಿ ಧೂಳು ಕೊಡವೋಕೆ ನಿಂತ್ನಂತೆ. ಸಣ್ಣತಾಯಿ ಹೊಲಿಗೆ ನಿಲ್ಲಿಸಿ ನೋಡ್ತಾ ಕೂತ್ಲಂತೆ, ಉಸಿರು ಬಿಟ್ರೆ ಎಲ್ಲಿ ಅಪ್ಪನ ಮನಸ್ಸು ತಿರುಗುತ್ತೋ ಅಂತ.

ಕೊಬ್ಬರಿ ಮಿಠಾಯಿ ಮಾಡು, ಬಟ್ಟಲ ತುಂಬ ಹಾಕು, ಇವಳು ಹೋಗಿ ಕೊಟ್ಟು ಬರಲಿ ಅಂದ್ನಂತೆ ಮರಿಗೌಡ, ಹೆಂಡತಿ ಕಡೆ ತಿರುಗಿ. ಮಗಳ ಮುಖ ನೋಡೋಕೆ ಅವನಿಗೆ ನಾಚಿಕೆ. ಅವ್ವ ಸೆರಗಲ್ಲಿ ನಗು ಮುಚ್ಕೊಂಡು, ಆಯಮ್ಮ ಮತ್ತೆ ತುಂಬಿ ಕೊಟ್ರೆ ಅಂದ್ಲಂತೆ. ಮರಿಗೌಡ ಚೀಲ ಕೊಡವಿದ, ಇನ್ನೊಂದ್ಸಲ ಕೊಡವಿದ, ಧೂಳು ಹೋಗಿದ್ರೂ ಕೊಡವ್ತಾನೇ ಇದ್ದ. ಕೊನೆಗೆ, ಕೊಟ್ರೆ ಬೇಡ ಅನ್ನೋಕಾಗುತ್ತೇನೇ, ಇಸ್ಕೊಂಡು ಬರಲಿ, ತಿರುಗ ನಾವೂ ತುಂಬಿ ಕಳಿಸೋಣ, ಮಾನಸ್ಥರ ಮನೆ ಇದು ಅಂದ್ನಂತೆ.

ಆ ಲೀನಮ್ಮ ಬರಿದು ಬಟ್ಟಲು ಕೊಡೋಳಲ್ಲ, ಈ ಮರಿಗೌಡ ಬರಿದು ಬಟ್ಟಲು ಕಳಿಸೋನಲ್ಲ. ಸಣ್ಣತಾಯಿ ಹೋಗ್ತಾಳೆ, ಬರ್ತಾಳೆ, ಬರ್ತಾಳೆ, ಹೋಗ್ತಾಳೆ, ಚೀಲ ಮತ್ತೆ ಅಟ್ಟ ಹತ್ತಲೇ ಇಲ್ಲವಂತೆ. ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ, ಕತೆ ಇಲ್ಲಿಗೆ ಮುಗೀತು, ಮಲಕ್ಕೋ ಕೂಸೇ.