ಸುತ್ತೋಲೆಯ ಮುಖ್ಯ ಅಂಶ

ನಮ್ಮ ಲೋಬೊ ಮನೆತನ ಮೂರು ತಲೆಮಾರಿನಿಂದ ಈ ಶಾಲೆ ನಡೆಸುತ್ತಿದೆ. ಅಜ್ಜ ಜಾಗ ಕೊಟ್ಟರು, ಅಪ್ಪ ಹೆಂಚಿನ ಮಾಡು ಹಾಕಿಸಿದರು, ನಾನು ಕಾನ್ವೆಂಟಿನಲ್ಲಿ ಕಲಿತ ಶಿಸ್ತನ್ನು ಇಲ್ಲಿಗೆ ತಂದೆ. ಇಲ್ಲಿ ಈವರೆಗೆ ಯಾರೂ ದನಿ ಏರಿಸಿರಲಿಲ್ಲ.

ಹೊಸ ಇನ್‌ಸ್ಪೆಕ್ಟರ್ ಮೂರು ಪುಟದ ಸುತ್ತೋಲೆ ಕಳಿಸಿದರು. ಅದರ ಪ್ರಕಾರ, ಓದಿದ್ದರ ಮುಖ್ಯ ಅಂಶವನ್ನು ಮಕ್ಕಳು ಹೇಳಬೇಕು. ಹೇಳದಿದ್ದರೆ ನಾಲ್ಕನೇ ತರಗತಿಯ ಟೀಚರ್ ಕೆಲಸ ಬಿಡಬೇಕು. ಗುರುವಾರ ಅವರೇ ಪರೀಕ್ಷೆಗೆ ಬಂದರು.

"ಪಠ್ಯಪುಸ್ತಕ ಬೇಡ, ಬಾಯಿಪಾಠ ಮಾಡಿಸಿರ್ತೀರಿ. ಮಕ್ಕಳು ನೋಡದ್ದನ್ನು ಓದಿಸಿ," ಎಂದರು.

ಟೀಚರ್ ಆ ಸುತ್ತೋಲೆಯನ್ನೇ ಸೆಲಿನ್ ಎಂಬ ಹುಡುಗಿಗೆ ಕೊಟ್ಟರು. ಅವಳು ಮೂರೂ ಪುಟ ಗಟ್ಟಿಯಾಗಿ ಓದಿದಳು. ಕೊನೆಯ ಸಾಲು ಹೀಗಿತ್ತು: "ಪರೀಕ್ಷೆಯ ದಿನ ಮಧ್ಯಾಹ್ನ ನನ್ನ ಊಟಕ್ಕೆ ಕೋಳಿಸಾರು ಹಾಕಿದ ಕೋರಿರೊಟ್ಟಿ ಮಾಡಿಸತಕ್ಕದ್ದು."

"ಮುಖ್ಯ ಅಂಶ ಯಾವುದು, ಮಗಾ?"

"ಕೋರಿರೊಟ್ಟಿ, ಟೀಚರ್."

"ಹೇಗೆ ಗೊತ್ತಾಯಿತು?"

"ಯಾವುದನ್ನು ತೆಗೆದ್ರೆ ಉಳಿದದ್ದೆಲ್ಲ ಬಿದ್ದುಹೋಗ್ತದೋ ಅದೇ ಮುಖ್ಯ ಅಂತ ನೀವೇ ಹೇಳಿದ್ದಲ್ವಾ? ಕೋರಿರೊಟ್ಟಿ ತೆಗೆದ್ರೆ ಇನ್‌ಸ್ಪೆಕ್ಟರ್ ಸಾರ್ ಬರುವುದೇ ಇಲ್ಲ."

ಇನ್‌ಸ್ಪೆಕ್ಟರರ ಮುಖ ಕೋಳಿಸಾರಿನ ಬಣ್ಣಕ್ಕೆ ತಿರುಗಿತು. "ಸಂಸ್ಕಾರ ಇಲ್ಲದ ಟೀಚರ್!" ಎಂದು ಕೂಗಿದರು. ಆದರೆ ಉತ್ತರ ತಪ್ಪು ಎನ್ನಲು ಅವರಿಂದ ಆಗಲಿಲ್ಲ, ಕೆಲಸ ಬಿಡಿಸುವ ಮಾತು ಮತ್ತೆ ಬರಲಿಲ್ಲ. ಊಟವನ್ನೂ ಬಿಡಲಿಲ್ಲ; ಎರಡು ಸಲ ಬಡಿಸಿಕೊಂಡರು.

ಸಂಜೆ ನಾನು ಅವರಿಗೆ ಮೂರು ಪುಟದ ಪತ್ರ ಬರೆದು ಸೆಲಿನ್‌ಗೆ ತೋರಿಸಿದೆ. ಅಜ್ಜ, ಜಾಗ, ಮಾಡು ಎಲ್ಲವನ್ನೂ ಹೊಡೆದುಹಾಕಿ ಅವಳು ಒಂದೇ ಸಾಲು ಉಳಿಸಿದಳು. ಅದನ್ನೇ ಕಳಿಸಿದ್ದೇನೆ:

"ನಮ್ಮ ಟೀಚರ ಬಳಿ ಕ್ಷಮೆ ಕೇಳಿ."